ವಸತಿಸಹಿತ ತರಬೇತಿ

ಬೇಸಿಗೆ ರಜೆ ಶುರುವಾದ ಮೂರನೇ ದಿನವೇ, ಮುದ್ದೇಬಿಹಾಳದಲ್ಲಿ ಐದು ದಿನದ ವಸತಿಸಹಿತ ತರಬೇತಿ ಎಂಬ ಆದೇಶ ಬಂತು. ಇಂಡಿಯ ನಮ್ಮ ಶಾಲೆಯ ಶಿಕ್ಷಕರೆಲ್ಲ ಹಿಡಿಶಾಪ ಹಾಕಿದರು. ನಾನೂ ಮುಖ ಸಣ್ಣದು ಮಾಡಿಕೊಂಡು ಅವರ ಜೊತೆ ನಾಲ್ಕು ಮಾತು ಬೈದೆ. ಒಳಗೊಳಗೇ ಮಾತ್ರ ಕುಣಿದುಬಿಟ್ಟೆ.

ಯಾಕೆಂದರೆ ನಮ್ಮ ಯಜಮಾನರು ಅನಿಲಕುಮಾರ ಅವರ ಪ್ರಕಾರ ರಜೆ ಎಂದರೆ ಬಂಧುಬಳಗ. ಮೊದಲು ಸಿಂದಗಿಯ ಕಾಕಾನ ಮನೆ, ಅಲ್ಲಿಂದ ಬಸವನ ಬಾಗೇವಾಡಿಯ ಅತ್ತೆಯ ಮನೆ, ಕೊನೆಗೆ ಮುದ್ದೇಬಿಹಾಳದಲ್ಲಿ ಅವರ ಅಕ್ಕ ಸುಂದರವ್ವನ ಮನೆ. ಒಂದು ಮನೆ ಬಿಟ್ಟರೂ ವರ್ಷಪೂರ್ತಿ ಮಾತು ಕೇಳಬೇಕು. ಇವರು ಬೇವಿನ ನೆರಳಲ್ಲಿ ಕೂತು ರಾಜಕೀಯ ಮಾತಾಡುತ್ತಾರೆ, ನಾನು ಒಳಗೆ ರೊಟ್ಟಿ ಬಡಿಯುತ್ತೇನೆ. ಒಂಬತ್ತು ಬೇಸಿಗೆ ಹೀಗೇ ಹೋದವು. ಒಮ್ಮೆ ಕಾರವಾರದ ಸಮುದ್ರ ನೋಡೋಣ ಎಂದರೆ, ನೀರಿನಲ್ಲಿ ನೋಡುವುದೇನಿದೆ ಎಂದರು. ನಿಜ ಹೇಳಬೇಕೆಂದರೆ ನನಗೆ ಸಮುದ್ರವೂ ಬೇಡವಾಗಿತ್ತು. ಯಾರೋ ಮಾಡಿದ್ದನ್ನು ಕೂತು ಉಂಡು, ಮಧ್ಯಾಹ್ನ ಕಾಲು ಚಾಚಿ ಮಲಗುವ ಐದು ದಿನ ಬೇಕಿತ್ತು.

ಅಕ್ಕನ ಮನೆಯಲ್ಲೇ ಉಳಿದು ತರಬೇತಿಗೆ ಹೋಗಿಬಂದು ಮಾಡು ಎಂದರು ಇವರು. ಗೇಟು ದಾಟಲು ಬಿಡುವುದಿಲ್ಲ, ಹೊರಗಿನವರನ್ನು ಒಳಗೂ ಬಿಡುವುದಿಲ್ಲ ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದೆ.

ತರಬೇತಿಯಲ್ಲಿ ಎರಡು ದಿನ ಮಹಾರಾಣಿಯಂತೆ ಇದ್ದೆ. ಬೆಳಿಗ್ಗೆ ಬಿಸಿ ಉಪ್ಪಿಟ್ಟು, ಫ್ಯಾನಿನ ಕೆಳಗೆ ತೂಕಡಿಕೆ, ಹೊತ್ತುಹೊತ್ತಿಗೆ ಚಹಾ. ಉಂಡ ತಾಟು ತೊಳೆಯಲು ಹೋದರೆ ಅಡುಗೆಯ ಸುಗ್ರಾ ಅದನ್ನೂ ಕೈಯಿಂದ ಕಸಿದುಕೊಂಡಳು. ಕಣ್ಣಲ್ಲಿ ನೀರು ಬಂತೆಂದರೆ ನಂಬುತ್ತೀರಾ?

ಮೂರನೇ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ನನ್ನ ಕೋಣೆಯಲ್ಲಿ ಮಲಗಿದ್ದೆ. ಕಣ್ಣು ಬಿಟ್ಟರೆ ಬಾಗಿಲಲ್ಲಿ ಸುಂದರವ್ವ, ಕೈಯಲ್ಲೊಂದು ಚೀಲ. ಗೇಟಿನ ಸುಳ್ಳು ಬಯಲಾಯಿತು, ಮನೆಗೆ ಎಳೆದುಕೊಂಡು ಹೋಗಲು ಬಂದಿದ್ದಾರೆ, ಮುಗಿಯಿತು ನನ್ನ ರಜೆ ಎಂದುಕೊಂಡೆ.

ಅವರು ನೋಡಿದ್ದು ಪಕ್ಕದ ಖಾಲಿ ಮಂಚವನ್ನು.

"ಸಂಘಮಿತ್ರಾ, ಇದು ಯಾರದು?"

ಯಾರದೂ ಅಲ್ಲ ಎಂದೆ. ಚೀಲ ತಲೆಗಿಟ್ಟುಕೊಂಡು ಕಾಲು ಚಾಚಿ ಮಲಗಿಯೇಬಿಟ್ಟರು! ಆಮೇಲೆ ಒಂದೊಂದೇ ಹೊರಬಿತ್ತು. ಅವರ ನಾದಿನಿ ಅಗರಖೇಡದಿಂದ ಆರು ಮಂದಿಯನ್ನು ಕಟ್ಟಿಕೊಂಡು ಬಂದು ಹನ್ನೆರಡು ದಿನವಾಗಿತ್ತು, ಹೋಗುವ ಲಕ್ಷಣವೇ ಇರಲಿಲ್ಲ. ಅದಕ್ಕೆ ಸುಂದರವ್ವ, ತರಬೇತಿಗೆ ಬಂದ ತಮ್ಮನ ಹೆಂಡತಿಗೆ ಜ್ವರ, ನೋಡಿಕೊಳ್ಳಲು ಯಾರೂ ಇಲ್ಲ ಎಂದು ಹೇಳಿ ತಪ್ಪಿಸಿಕೊಂಡು ಬಂದಿದ್ದರು. ನನಗೆ ನಗು ತಡೆಯಲಾಗಲಿಲ್ಲ.

"ಮಂದಿ ಬಂದ್ರ ಸಾಕು, ನನಗ ಎದಿ ಧಸಕ್ ಅಂತೈತಿ," ಎಂದರು. "ನೀವು ಬಂದಾಗೂ ಹಂಗ."

ನಗು ಅಲ್ಲಿಗೇ ನಿಂತಿತು. ನಾವು ಬಂದಾಗಲೂ? ಈ ಹೆಂಗಸಿನ ಮನಸ್ಸು ನೋಯಬಾರದೆಂದು ಒಂಬತ್ತು ಬೇಸಿಗೆ ಇವರ ಒಲೆಯ ಮುಂದೆ ಬೆಂದಿದ್ದೇನೆ, ಇವರಿಗೆ ನಾವು ಬೇಡವಾಗಿದ್ದೆವೇ? ಮೈಯೆಲ್ಲ ಉರಿದುಹೋಯಿತು. ನನಗೂ ಇವರು ಬೇಡವಾಗಿದ್ದರು ಎನ್ನುವುದು ಆ ಸಿಟ್ಟಿನಲ್ಲಿ ನೆನಪಾಗಲಿಲ್ಲ.

"ಹಂಗಿದ್ರ ಬರಬ್ಯಾಡ್ರಿ ಅಂತ ಹೇಳಬೇಕಿತ್ತಲ್ರಿ ಅಕ್ಕಾರ."

"ಬರೂದಿಲ್ಲ ಅಂತ ನೀ ಯಾಕ ಹೇಳಲಿಲ್ಲ?"

ಇಬ್ಬರದೂ ಒಂದೇ ಕಥೆ ಎಂದು ಹೊಳೆದು ನಾನೇ ಮೊದಲು ನಕ್ಕೆ. ಇನ್ನು ಮೇಲೆ ಅವರು ಕರೆಯುವುದಿಲ್ಲ, ನಾವು ಹೋಗುವುದಿಲ್ಲ ಎಂದು ಮಾತಾಯಿತು. ತಮ್ಮನಿಗೆ ತಾವೇ ಹೇಳುವುದಾಗಿ ಒಪ್ಪಿಕೊಂಡರು. ಅಕ್ಕನ ಮಾತನ್ನು ನಮ್ಮ ಯಜಮಾನರು ಎಂದೂ ಮೀರಿದವರಲ್ಲ; ಅಕ್ಕನ ಮನೆಯೇ ತಪ್ಪಿದರೆ ಉಳಿದ ಎರಡು ಮನೆ ತಪ್ಪಿಸುವುದು ಕಷ್ಟವಲ್ಲ. ಮುಂದಿನ ಬೇಸಿಗೆಗಳೆಲ್ಲ ನನ್ನ ಕಣ್ಣ ಮುಂದೆ ಖಾಲಿಖಾಲಿಯಾಗಿ ಬಂದು ನಿಂತವು. ಎಂಥ ಸುಖ!

ಸಂಜೆ ಯಜಮಾನರ ಫೋನು ಬಂತು. ಜ್ವರದ ಸುದ್ದಿ ಇಂಡಿಗೂ ಮುಟ್ಟಿತ್ತು. ಮನೆ ತುಂಬ ಬೀಗರನ್ನು ಬಿಟ್ಟು, ಗೇಟಿನವರನ್ನೂ ಒಪ್ಪಿಸಿ ಅಕ್ಕ ನಿನಗಾಗಿ ಓಡಿಬಂದಿದ್ದಾಳೆ, ಇಂಥ ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದರೆ ಎಲ್ಲಿ ಸಾಲುತ್ತದೆ, ತರಬೇತಿ ಮುಗಿಯಲಿ, ನಾನೂ ಬರುತ್ತೇನೆ, ಹದಿನೈದು ದಿನ ಇದ್ದು ಬರೋಣ ಎಂದರು. ದನಿ ಗದ್ಗದವಾಗಿತ್ತು. ನಾನು ಫೋನನ್ನು ಸುಂದರವ್ವನ ಕೈಗೆ ಕೊಟ್ಟು, ಈಗಲೇ ಹೇಳಿಬಿಡಿ ಎಂದು ಸನ್ನೆ ಮಾಡಿದೆ.

ಅವರು ಎದ್ದು ಕೂತು ಸೆರಗು ಸರಿಮಾಡಿಕೊಂಡರು. ನನ್ನ ಮುಖ ನೋಡಿದರು, ತಲೆ ತಗ್ಗಿಸಿದರು.

"ಬಾ ತಮ್ಮಾ. ಹದಿನೈದರಾಗ ಒಂದು ದಿನ ಕಡಿಮಿ ಮಾಡಿದಿ ಅಂದ್ರ, ನಾ ನಿನ್ನ ಕೂಡ ಮಾತಾಡಂಗಿಲ್ಲ ನೋಡು."