ಬೀಗದಣ್ಣನ ಮಗಳ ಹಸಿವು

ಕೀಲಿ ಕಳೆದುಕೊಂಡವರಿಗೆಲ್ಲ ಮೊದಲು ನೆನಪಾಗುವವನು ಬೀಗದಣ್ಣ. ಎಂಥ ಹಟಮಾರಿ ಬೀಗವಾದರೂ ಅವನ ಕೈಗೆ ಸಿಕ್ಕರೆ ಬಾಯಿ ಬಿಡಲೇಬೇಕು. ಅಂಥವನಿಗೇ ತನ್ನ ಮನೆಯ ತಿಂಡಿ ಕಪಾಟು ದೊಡ್ಡ ತಲೆನೋವಾಗಿತ್ತು.

ಕಾರಣ, ಮಗಳು ಪುಟ್ಟಿ. ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಗು. ಹಾಲುಗೂಸಾಗಿದ್ದಾಗಿನಿಂದಲೂ ಅವಳದು ತೀರದ ಹಸಿವು. ಉಂಡು ಕೈ ತೊಳೆದು ಬಂದವಳೇ, "ಅಮ್ಮಾ, ಹಸಿವು" ಎನ್ನುತ್ತಿದ್ದಳು. ವಯಸ್ಸಿಗೆ ಮೀರಿ ಮೈ ಬಂದಿತ್ತು. ಸ್ವಲ್ಪ ಓಡಿದರೂ ಏದುಸಿರು.

"ಇದೇನು ಹೊಟ್ಟೆಯೋ ಕಾಳು ತುಂಬೋ ಹಗೇವೋ! ನೀನೇ ಮುದ್ದು ಮಾಡಿ ಕೆಡಿಸಿದ್ದು" ಎಂದು ಅಜ್ಜಿ ಸೊಸೆಯನ್ನು ಬೈಯುವಳು.

"ನಾನೆಲ್ಲಿ ಕೊಡ್ತೀನಿ ಅತ್ತೆ? ಬಚ್ಚಿಟ್ಟಿದ್ದನ್ನೂ ಹುಡುಕಿ ತಿಂತಾಳೆ. ಡಾಕ್ಟರಿಗೆ ತೋರಿಸೋಣ ಅಂದ್ರೆ ನಿಮ್ಮ ಮಗ ಕೇಳಲ್ಲ."

"ಹಸಿವಿಗೂ ಡಾಕ್ಟರಾ? ನಾಲ್ಕು ಜನ ನಗ್ತಾರೆ ಅಷ್ಟೆ" ಎಂದ ಬೀಗದಣ್ಣ. "ಬೀಗ ಜಡಿದ್ರೆ ತಾನಾಗೇ ಬುದ್ಧಿ ಬರುತ್ತೆ."

ಜಡಿದ. ಕೀಲಿಯನ್ನು ಮೊಳೆಗೆ ತೂಗುಹಾಕಿದರೆ ಪುಟ್ಟಿ ಸ್ಟೂಲು ಹತ್ತಿ ತೆಗೆದಳು. ಅಪ್ಪ ಚಾಪೆ ಕೆಳಗೆ ತೂರಿದರೆ ಮಗಳು ರಂಗೋಲಿ ಕೆಳಗೆ ತೂರುವವಳು. ಕೊನೆಗೆ ಅಂಗಡಿಯಲ್ಲಿದ್ದ ಅತಿ ಗಟ್ಟಿ ಬೀಗವನ್ನೇ ತಂದು ಹಾಕಿ, ಕೀಲಿಯನ್ನು ತನ್ನ ಗೊಂಚಲಿಗೆ ಸೇರಿಸಿಕೊಂಡ. "ಹೊಟ್ಟೆಬಾಕಿ, ಈಗ ತೆಗಿ ನೋಡೋಣ" ಎಂದ. ಮಗು ಕಪಾಟಿನ ಮುಂದೆ ಕೂತು ಅತ್ತಿತು. ಅವನ ಕರುಳು ಚುರ್ರೆಂದರೂ ಸೋಲಬಾರದೆಂದು ಮುಖ ತಿರುಗಿಸಿದ.

ಮರುದಿನ ಮಧ್ಯಾಹ್ನ ಬೀಗದಣ್ಣ ಊಟ ಮುಗಿಸಿ ಮನೆ ಮುಂದಿನ ತನ್ನ ಅಂಗಡಿಗೆ ಮರಳುವಷ್ಟರಲ್ಲಿ ಹೆಂಡತಿ ಓಡಿಬಂದಳು. "ಪುಟ್ಟಿ ಎಲ್ಲೂ ಕಾಣ್ತಿಲ್ಲ!"

ಬೀಗದಣ್ಣ ಹುಡುಕಲು ಓಡಿದ. ಪಕ್ಕದ ಮನೆ, ಬೀದಿಯ ತಿರುವು, ಬೇಕರಿಯ ಹಿಂದಿನ ಕಸದ ಡಬ್ಬ, ಎಲ್ಲೂ ಇಲ್ಲ. ನೀರಿನ ತೊಟ್ಟಿಯ ಮುಚ್ಚಳ ಎತ್ತಿ ಇಣುಕಿದ. ಅಲ್ಲೂ ಇಲ್ಲ. ಅಷ್ಟರಲ್ಲಿ ಅವನ ಅಂಗಡಿಯ ಮೇಜಿನ ಕೆಳಗಿಂದಲೇ ಕೆಮ್ಮು ಕೇಳಿಸಿತು. ಬಗ್ಗಿ ನೋಡಿದರೆ ಪುಟ್ಟಿ, ಬಾಯಿ ತುಂಬ ನೊರೆ! ಕೀಲಿಯ ಅಚ್ಚು ತೆಗೆಯಲು ಅವನು ಇಟ್ಟುಕೊಂಡಿದ್ದ ಸೋಪಿನ ತುಂಡು ಅವಳ ಮುಷ್ಟಿಯಲ್ಲಿತ್ತು. ಅರ್ಧ ಕಚ್ಚಿ ತಿಂದಿದ್ದಳು.

ಮಗುವನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಓಡಿದ. ಹಿಂದೆಯೇ ಹೆಂಡತಿ, ಏದುತ್ತ ಅಜ್ಜಿ. ನರ್ಸಕ್ಕ ಬಾಯಿ ತೊಳೆಸಿ, ಉಸಿರು ನೋಡಿ, "ಸದ್ಯ, ಜೀವಕ್ಕೇನೂ ಭಯವಿಲ್ಲ" ಎಂದಾಗಲೇ ಅವನಿಗೆ ಹೋದ ಜೀವ ಬಂದದ್ದು. ಅವಳು ಕೇಳುತ್ತ ಹೋದಂತೆ ಹೆಂಡತಿ ಎಲ್ಲವನ್ನೂ ಹೇಳಿದಳು.

"ಲೆಪ್ಟಿನ್ ಅಂತ ಒಂದು ಪ್ರೋಟೀನ್ ಇದೆ" ಎಂದಳು ನರ್ಸಕ್ಕ. "ಮೈಯಲ್ಲಿರೋ ಕೊಬ್ಬೇ ಅದನ್ನ ತಯಾರಿಸುತ್ತೆ. 'ಕೂಡಿಟ್ಟಿದ್ದು ಸಾಕಷ್ಟಿದೆ, ಹಸಿವು ಕಡಿಮೆ ಮಾಡು' ಅಂತ ಮಿದುಳಿಗೆ ಹೇಳೋದು ಅದರ ಕೆಲಸ. ಅದನ್ನ ತಯಾರಿಸೋ ಸೂಚನೆ ಇರೋದು ಒಂದು ಜೀನ್‌ನಲ್ಲಿ. ಅದು ಅಪ್ಪ ಅಮ್ಮನಿಂದ ಬರುತ್ತೆ. ಎಲ್ಲೋ ಕೆಲವು ಮಕ್ಕಳಲ್ಲಿ ಆ ಜೀನೇ ಕೆಟ್ಟಿರುತ್ತೆ. ಆಗ ಎಷ್ಟು ತಿಂದ್ರೂ ಮಿದುಳಿಗೆ ಮಗು ಉಪವಾಸ ಇದ್ದ ಹಾಗೇ."

"ಅಂದ್ರೆ, ಬೀಗ ಇದೆ, ಕೀಲಿ ಇಲ್ಲ?" ಬೀಗದಣ್ಣ ಕೇಳಿದ.

"ಹೌದಣ್ಣ. ಇನ್ನು ಕೆಲವರಲ್ಲಿ ಕೀಲಿ, ಅಂದ್ರೆ ಲೆಪ್ಟಿನ್, ಇದ್ದೂ ಮಿದುಳಲ್ಲಿ ಅದನ್ನ ಗುರುತಿಸೋ ಬೀಗವೇ ಕೆಟ್ಟಿರುತ್ತೆ. ರಕ್ತ ಪರೀಕ್ಷೆ ಮಾಡಿದ್ರೆ ಯಾವುದು ಅಂತ ಗೊತ್ತಾಗ್ಬಹುದು. ಲೆಪ್ಟಿನ್ ಇಲ್ಲದವರಿಗೆ ಇಂಜೆಕ್ಷನ್ ಇದೆ."

"ದಪ್ಪ ಇರೋ ಮಕ್ಕಳಿಗೆಲ್ಲ ಇದೇ ರೋಗಾನಾ?" ಅಜ್ಜಿ ಕೇಳಿದಳು.

"ಇಲ್ಲಜ್ಜಿ, ತುಂಬ ಅಪರೂಪ. ಆದ್ರೆ ಹಾಲು ಕುಡಿಯೋ ವಯಸ್ಸಿಂದ್ಲೇ ತೀರದ ಹಸಿವು, ಬೇಗ ಬೇಗ ಏರೋ ತೂಕ ಇದ್ರೆ ದೊಡ್ಡಾಸ್ಪತ್ರೆಗೆ ತೋರಿಸ್ಲೇಬೇಕು."

ಬೀಗದಣ್ಣ ತಲೆ ಕೆರೆದುಕೊಂಡ. "ಆದ್ರೂ ಅಕ್ಕಾ, ಮನಸ್ಸು ಗಟ್ಟಿ ಮಾಡಿದ್ರೆ ಇವಳಿಗೆ..."

ಮಾತು ಮುಗಿಯುವ ಮೊದಲೇ ಪುಟ್ಟಿ ಮುಷ್ಟಿ ಬಿಚ್ಚಿದಳು. ಸೋಪಿನ ಒಂದು ತುದಿಯಲ್ಲಿ ಹಲ್ಲಿನ ಗುರುತು, ಇನ್ನೊಂದು ತುದಿಯಲ್ಲಿ ಅಂಕುಡೊಂಕಾಗಿ ಒತ್ತಿದ ಕೀಲಿಯ ಅಚ್ಚು. ಕಪಾಟಿನ ಕೀಲಿಯದೇ! ಅವನು ಊಟಕ್ಕೆ ಕೂತಿದ್ದಾಗ ಗೊಂಚಲು ಅಂಗಡಿಯ ಮೇಜಿನ ಮೇಲೇ ಉಳಿದಿತ್ತು.

"ಅಪ್ಪಾ, ಇದಕ್ಕೊಂದು ಕೀಲಿ ಮಾಡ್ಕೊಡ್ತೀಯಾ? ಎಲ್ಲರಿಗೂ ಮಾಡ್ಕೊಡ್ತೀಯಲ್ಲ."

ಬೀಗದಣ್ಣ ಮಗಳನ್ನು ಎದೆಗವಚಿಕೊಂಡ. ಕೆಟ್ಟ ಬೀಗವನ್ನು ಅವನು ಒಂದು ದಿನವೂ ಬೈದವನಲ್ಲ. ಹೆತ್ತ ಮಗಳನ್ನು ಬೈದಿದ್ದ.

"ಕಪಾಟಿನ ಬೀಗ ಕಿತ್ತು ಬಿಸಾಕ್ಲಾ?" ಎಂದ.

"ಬೇಡ, ಅದಿರಲಿ. ಹೊತ್ತಿಗೆ ಸರಿಯಾಗಿ ಅಳತೆಯ ಊಟ ಕೊಡಿ, ಉಪವಾಸ ಕೆಡವಬೇಡಿ. ಬೀಗ ಬೇಕಾಗಿರೋದು ಬೈಯೋ ಬಾಯಿಗೆ" ಎಂದಳು ನರ್ಸಕ್ಕ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ದೊಡ್ಡಾಸ್ಪತ್ರೆಯಲ್ಲಿ ರಕ್ತ ಕೊಟ್ಟು ಬಂದಿದ್ದಾರೆ. ಫಲಿತಾಂಶ ಇನ್ನೂ ಬಂದಿಲ್ಲ. ಫೋನು ಬಡಿದುಕೊಂಡಾಗಲೆಲ್ಲ ಬೀಗದಣ್ಣನ ಎದೆಯೂ ಬಡಿದುಕೊಳ್ಳುತ್ತದೆ. ಊಟದ ಹೊತ್ತಿಗೆ ಅವನೇ ಕೀಲಿಯನ್ನು ಪುಟ್ಟಿಯ ಕೈಗೆ ಕೊಡುತ್ತಾನೆ. ಅವಳು ಬೀಗ ತೆಗೆಯುತ್ತಾಳೆ, ಅಮ್ಮ ಬಡಿಸುತ್ತಾಳೆ. ಉಂಡ ಮೇಲೂ ಅವಳು "ಹಸಿವು" ಎನ್ನುತ್ತಾಳೆ. "ಗೊತ್ತು ಕಂದಾ" ಎಂದು ಅವನು ಪಕ್ಕದಲ್ಲಿ ಕೂರುತ್ತಾನೆ.

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಎಷ್ಟು ಉಂಡರೂ ಹಸಿದೇ ಇರುವ ಪುಟ್ಟ ಮಗುವಿದೆಯೇ? ನಗಬೇಡಿ, ಬೈಯಬೇಡಿ, ನಾಳೆ ನೋಡೋಣ ಎನ್ನಬೇಡಿ. ಇವತ್ತೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಹಸಿವು ಎಂದು ಅಳುವ ಮಗು ಸುಳ್ಳು ಹೇಳುತ್ತಿಲ್ಲ. ಮೊದಲು ಅದನ್ನು ನಂಬಿ.