ಲಿಫ್ಟಿನ ನಾಡಿ

ನನ್ನ ಗಂಟಲು ದೊಡ್ಡದು. ಕಾಲೇಜಿನಲ್ಲಿ ನನಗೆ ಕಹಳೆ ಎಂದೇ ಹೆಸರಿತ್ತು. ಅಮ್ಮನೂ ಹಾಗೆಯೇ, ಅವಳು ಊಟಕ್ಕೆ ಕರೆದರೆ ಎದುರುಮನೆಯವರೂ ಕೈ ತೊಳೆಯಬೇಕು. ವಂಶದ ಗುಣ ಇರಬೇಕು ಅಂದುಕೊಂಡಿದ್ದೆ. ಎಂಥ ಪೆದ್ದಿ ನಾನು!

ಬಿಸಿನೆಸ್ ಡಿಗ್ರಿ ಕೈಗೆ ಬಂದ ದಿನದಿಂದಲೇ ಹೇಳಬೇಕು. ಪದವಿ ಕೊಡುವ ಸಭಾಂಗಣ ಐದನೇ ಮಹಡಿಯಲ್ಲಿತ್ತು. ಅಪ್ಪ ಮೂವತ್ತು ವರ್ಷದಿಂದ ಲಿಫ್ಟ್ ಮೆಕ್ಯಾನಿಕ್. ಲಿಫ್ಟಿನ ಬಾಗಿಲ ಚೌಕಟ್ಟಿಗೆ ಕೈ ಊರಿ ಒಂದು ನಿಮಿಷ ನಿಂತವನು, "ಮೆಟ್ಟಿಲು ಹತ್ತೋಣ. ಇದು ಇವತ್ತು ಕೈಕೊಡುತ್ತೆ" ಅಂದ. ಹೈಹೀಲ್ಸ್ ಹಾಕಿದ್ದ ನಾನು ಮಹಡಿಗೊಂದು ಸಲ ಅವನನ್ನು ಬೈಯುತ್ತಾ ಹತ್ತಿದೆ. ಮೇಲೆ ಹೋಗಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಸುದ್ದಿ ಬಂತು: ಮುಖ್ಯ ಅತಿಥಿಗಳು ಮೂರನೇ ಮಹಡಿಯ ಹತ್ತಿರ ಸಿಕ್ಕಿಹಾಕಿಕೊಂಡಿದ್ದಾರೆ. ಕೊನೆಗೆ ಅವರನ್ನು ಬಿಡಿಸಿದವನೂ ಅಪ್ಪನೇ, ಇಸ್ತ್ರಿ ಮಾಡಿದ ಅಂಗಿಗೆಲ್ಲ ಗ್ರೀಸ್ ಮೆತ್ತಿಕೊಂಡು.

"ನಿನಗೆ ಹೇಗಪ್ಪಾ ಗೊತ್ತಾಯ್ತು?"

"ಕಿವಿ ಕಣಮ್ಮ, ಕಿವಿ," ಅಂದು ನಕ್ಕ.

ಕೆಲಸದವರ ನಡುವೆ ಅವನ ಕಿವಿಗೆ ದೊಡ್ಡ ಹೆಸರು. ಆ ಕಿವಿಯನ್ನೇ ಒಂದು ಯಂತ್ರದೊಳಗೆ ಇಟ್ಟುಬಿಟ್ಟರೆ? ಕೆಡುವ ಮೊದಲೇ ಲಿಫ್ಟು ತನ್ನ ಕಾಯಿಲೆ ಹೇಳಿದರೆ? ಮೂರು ವರ್ಷ ಪಾಠ ಕೇಳಿದ್ದಕ್ಕೆ ಇದೊಂದು ಯೋಚನೆ ದಕ್ಕಿತು.

ಸಾಫ್ಟ್‌ವೇರ್ ಬರೆಯಲು ಕಂಪ್ಯೂಟರ್ ವಿಭಾಗದ ಸೋಡಾಬುಡ್ಡಿ ಸಿಕ್ಕ. ಕನ್ನಡಕ ತೆಗೆದರೆ ಅವನಿಗೆ ಗೋಡೆಯೂ ಬಾಗಿಲೂ ಒಂದೇ. ಅವನ ಕೈಯಲ್ಲಿ ಒಂದು ದೊಡ್ಡ ಕಂಪನಿಯ ಕೆಲಸದ ಪತ್ರವಿತ್ತು; ನನ್ನ ಕಾಟಕ್ಕೆ ಸೇರುವ ದಿನವನ್ನು ಮೂರು ತಿಂಗಳು ಮುಂದೂಡಿದ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ, ಎರಡು ಮೇಜು, ಅದರಲ್ಲೊಂದು ಕುಂಟು. ಅದೇ ನಮ್ಮ ಕಂಪನಿ. ಊರೆಲ್ಲ ತಿರುಗಿ ಲಿಫ್ಟ್ ಮೋಟಾರುಗಳ ಸದ್ದು ರೆಕಾರ್ಡ್ ಮಾಡಿ ತಂದೆವು. ಅಪ್ಪ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಒಂದೊಂದನ್ನೇ ಕೇಳಿ, "ಇದು ಸರಿಯಿದೆ, ಇದು ಕೆಟ್ಟಿದೆ" ಎಂದು ಗುರುತು ಹಾಕಿಕೊಟ್ಟ. ಯಂತ್ರ ಕಲಿಯಬೇಕಾದದ್ದು ಆ ಗುರುತುಗಳಿಂದಲೇ.

ನಾಲ್ಕು ಲಿಫ್ಟುಗಳಿದ್ದ ಒಂದು ಫ್ಲ್ಯಾಟುಗಳ ಕಟ್ಟಡದಲ್ಲಿ ಪರೀಕ್ಷೆಗೆ ಅವಕಾಶ ಸಿಕ್ಕಿತು; ನಾಲ್ಕಕ್ಕೂ ಮೈಕಿದ್ದ ಒಂದೊಂದು ಡಬ್ಬ ಕೂರಿಸಿದೆವು. "ಒಂದು ತಿಂಗಳು ನೋಡೋಣ," ಅಂದರು ಅಲ್ಲಿನ ಮ್ಯಾನೇಜರು. ನಮ್ಮ ಬಳಿ ಉಳಿದಿದ್ದದ್ದೂ ಅದೊಂದೇ ತಿಂಗಳು. ಇಲ್ಲಿ ಗೆದ್ದರೆ ಕಂಪನಿ. ಸೋತರೆ ಸೋಡಾಬುಡ್ಡಿ ಅವನ ದಾರಿ, ನಾನು ನನ್ನ ದಾರಿ.

ಮೊದಲ ವಾರವೇ ಮಾನ ಹೋಯಿತು. ಎರಡನೇ ಲಿಫ್ಟಿಗೆ ರೋಗ ಎಂದಿತು ಯಂತ್ರ. ಬಿಚ್ಚಿ ನೋಡಿದರೆ ಗಟ್ಟಿಮುಟ್ಟು. ನಾಲ್ಕನೆಯದು ಚೆನ್ನಾಗಿದೆ ಎಂದಿತು. ಅದು ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರನ್ನು ಅರ್ಧ ಗಂಟೆ ಒಳಗೇ ಕೂಡಿಹಾಕಿತು.

"ನೋಡಮ್ಮ," ಅಂದರು ಮ್ಯಾನೇಜರು, "ಇನ್ನೊಂದು ಸಲ ಹೀಗಾದ್ರೆ ನಿಮ್ಮ ಡಬ್ಬಗಳನ್ನ ನೀವೇ ಬಿಚ್ಕೊಂಡು ಹೋಗಿ."

ಪಿತ್ತ ನೆತ್ತಿಗೇರಿತು. ಕೋಣೆಗೆ ಬಂದು ಸೋಡಾಬುಡ್ಡಿಯ ಮೇಲೆ ಹರಿಹಾಯ್ದೆ. "ಏನ್ ಬರೆದಿದ್ದೀಯೋ ಅದರೊಳಗೆ, ನಿನ್ನ ತಲೆ!"

ಅವನು ಕನ್ನಡಕ ಒರೆಸುತ್ತಾ ತಡವರಿಸಿದ. "ಹೇಳಬಾರ್ದು ಅಂತಿದ್ದೆ ಕಹಳೆ. ಅನುಮಾನ ಬಂದು ಒಂದೇ ರೆಕಾರ್ಡಿಂಗನ್ನ ನಿಮ್ಮಪ್ಪನಿಗೆ ಎರಡು ಸಲ ಕೊಟ್ಟಿದ್ದೆ. ಒಂದ್ಸಲ ಸರಿ ಅಂದ್ರು, ಇನ್ನೊಂದ್ಸಲ ಕೆಟ್ಟಿದೆ ಅಂದ್ರು. ಒಂದಲ್ಲ, ಹತ್ತರಲ್ಲೂ ಹಾಗೇ ಆಯ್ತು."

ಮನೆಗೆ ಹೋದವಳೇ ಚಪ್ಪಲಿಯನ್ನೂ ಬಿಡದೆ ಶುರುಮಾಡಿದೆ. "ಅಪ್ಪಾ, ನನ್ನ ಜೀವನ ನಿನಗೆ ಆಟನಾ? ಬಾಯಿಗೆ ಬಂದದ್ದು ಹೇಳಿದ್ಯಾ?"

ಒಳಗಿಂದ ಅಮ್ಮ ಬಂದಳು. "ಅವರನ್ನ ಬೈಬೇಡ ಕಣೇ. ಬಾಗಿಲು ಬಡಿದ್ರೂ ಗೊತ್ತಾಗಲ್ಲ ಅವರಿಗೆ, ಎಷ್ಟು ವರ್ಷವಾಯ್ತು! ಈ ಮನೇಲಿ ನಾವೆಲ್ಲ ಯಾಕೆ ಹೀಗೆ ಕಿರುಚ್ತೀವಿ ಅಂದ್ಕೊಂಡಿದ್ದೆ?"

ಕುರ್ಚಿ ಎಳೆದು ಅಪ್ಪನ ಎದುರು ಕೂತೆ.

"ಎಲ್ಲರೂ ನನ್ನ ಕಿವಿ ಕಿವಿ ಅಂತಿದ್ರು," ಅಂದ ಅಪ್ಪ, ನೆಲ ನೋಡುತ್ತಾ. "ಅದೂ ಹೋಯ್ತು ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ನೀನಂತೂ ಅದನ್ನೇ ನಂಬಿ ಕಂಪನಿ ಕಟ್ಟೋಕೆ ಹೊರಟೆ. ಕಷ್ಟಪಟ್ಟು ಊಹೆ ಮಾಡಿದೆ ಕಣಮ್ಮ. ತಪ್ಪಾಯ್ತು."

ಅವನನ್ನು ತಬ್ಬಿಕೊಂಡು ಅಳಬೇಕು ಅನ್ನಿಸಿತು. ಆದರೆ ತಲೆಯಲ್ಲೊಂದು ಹುಳ ಹೊಕ್ಕಿತ್ತು. "ಹಾಗಾದ್ರೆ ಡಿಗ್ರಿ ಕೊಟ್ಟ ದಿನ ಆ ಲಿಫ್ಟು ಕೆಡುತ್ತೆ ಅಂತ ಹೇಗೆ ಹೇಳ್ದೆ?"

ಅಪ್ಪ ತನ್ನ ಅಂಗೈಯನ್ನೇ ಹೊಸದಾಗಿ ಕಂಡವನಂತೆ ನೋಡಿಕೊಂಡ. "ಚಪ್ಪಲಿ ಹೇಗೂ ಬಿಟ್ಟಿಲ್ವಲ್ಲ. ನಡಿ," ಅಂದ.

ಕಟ್ಟಡಕ್ಕೆ ಹೋಗಿ ನನ್ನ ಕೈಯನ್ನು ಇನ್ನೂ ರಿಪೇರಿಯಾಗದ ನಾಲ್ಕನೇ ಲಿಫ್ಟಿನ ಚೌಕಟ್ಟಿಗೆ ಒತ್ತಿ ಹಿಡಿದ. ಲಿಫ್ಟು ಇಳಿದು ಬಂತು. ಅಂಗೈಯಲ್ಲಿ ಏನೋ ಸಣ್ಣಗೆ ನಡುಗಿತು, ನಿಂತಿತು, ಮತ್ತೆ ನಡುಗಿತು. "ನಿಂತ ಮೇಲೂ ಇನ್ನೊಂದ್ಸಲ ನಡುಗ್ತು ನೋಡು, ಅದೇ ರೋಗ," ಅಂದ. ಒಂದನೆಯದಕ್ಕೆ ಕೈ ಇಡಿಸಿದ. ಅದು ಒಮ್ಮೆ ಮಾತ್ರ ನಡುಗಿ ಸುಮ್ಮನಾಯಿತು. ಕಿವಿ ಹೋದಂತೆಲ್ಲ ಅವನ ಕೈ ಕಲಿತಿತ್ತು; ಅವನಿಗೇ ಅದು ಸರಿಯಾಗಿ ತಿಳಿದಿರಲಿಲ್ಲ.

ಅಲ್ಲಿಂದಲೇ ಸೋಡಾಬುಡ್ಡಿಗೆ ಫೋನ್ ಮಾಡಿದೆ. "ಮೈಕುಗಳನ್ನೆಲ್ಲ ಕಿತ್ತು ಹಾಕೋ! ನಡುಕ ಅಳೆಯೋ ಸೆನ್ಸರ್ ಬೇಕು!"

"ಕಿವಿ ಹರೀತು ಮಾರಾಯ್ತಿ," ಅಂದನೇ ಹೊರತು ಬೇಡ ಅನ್ನಲಿಲ್ಲ.

ಹತ್ತು ದಿನ ಅಪ್ಪ ಕಟ್ಟಡದಿಂದ ಕಟ್ಟಡಕ್ಕೆ ಅಲೆದು, ಚೌಕಟ್ಟಿಗೆ ಕೈ ಇಟ್ಟು ಹೊಸದಾಗಿ ಗುರುತು ಹಾಕಿಕೊಟ್ಟ. ಈ ಸಲ ಅವನ ಮಾತು ಒಮ್ಮೆಯೂ ಹಿಂದುಮುಂದಾಗಲಿಲ್ಲ.

ತಿಂಗಳು ಮುಗಿಯಲು ಎರಡು ದಿನವಿದ್ದಾಗ ಯಂತ್ರ ಹೇಳಿತು: ಮೂರನೇ ಲಿಫ್ಟಿನ ಬ್ರೇಕ್ ಸೋತಿದೆ.

"ನುಣ್ಣಗೆ ಓಡ್ತಿದೆಯಲ್ಲಮ್ಮ!" ಅಂದರು ಮ್ಯಾನೇಜರು. ಆದರೂ ಬಿಚ್ಚಿಸಿದರು. ಅಪ್ಪ, ಸೋಡಾಬುಡ್ಡಿ, ನಾನು ಮೂವರೂ ಬಗ್ಗಿ ನೋಡಿದೆವು. ಒಳಗೆ ಬ್ರೇಕಿನ ಪಟ್ಟಿ ಸವೆದು ಕಾಗದದಷ್ಟಾಗಿತ್ತು. ಮ್ಯಾನೇಜರು ಅದನ್ನು ಬೆರಳಲ್ಲಿ ಎತ್ತಿ ಹಿಡಿದು ನೋಡಿದರು. "ಸೋಮವಾರ ಬನ್ನಿ, ಒಂದು ವರ್ಷಕ್ಕೆ ಸಹಿ ಹಾಕ್ತೀನಿ. ನಮ್ಮ ಇನ್ನೆರಡು ಕಟ್ಟಡಕ್ಕೂ ಬೇಕು."

ಸೋಡಾಬುಡ್ಡಿ ಕೋಣೆಗೆ ಬಂದವನೇ ಆ ಕೆಲಸದ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಕುಂಟು ಮೇಜಿನ ಕಾಲಡಿಗೆ ತುರುಕಿದ. ಮೇಜು ನೆಟ್ಟಗಾಯಿತು.

ಸೋಮವಾರ ಮ್ಯಾನೇಜರ ಕಚೇರಿಗೆ ಅಪ್ಪ ತಡವಾಗಿ ಬಂದ. ಸಹಿ ಆಗಿಹೋಗಿತ್ತು. ಅವನನ್ನು ಕಂಡದ್ದೇ ತಡ, ಕಟ್ಟಡವೆಲ್ಲ ಕೇಳುವ ಹಾಗೆ ಕೂಗಿದೆ: "ಅಪ್ಪಾ, ಗೆದ್ವಿ! ನಿನ್ನ ಕೈ ಗೆಲ್ತು!"

ಅಪ್ಪ ಮುಖ ಕಿವುಚಿ ಒಂದು ಹೆಜ್ಜೆ ಹಿಂದೆ ಸರಿದ. ಆಗ ನೋಡಿದೆ: ಅವನ ಎರಡೂ ಕಿವಿಗಳ ಹಿಂದೆ ಹೊಸ ಶ್ರವಣಯಂತ್ರ ಕೂತಿತ್ತು.

"ಮೆಲ್ಲಗೆ ಮಾತಾಡೇ," ಅಂದ. "ನನಗೆ ಕೇಳಿಸ್ತಿದೆ."

ಮೆಲ್ಲಗೆ ಮಾತಾಡುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಹತ್ತಿರ ಹೋಗಿ, ಅವನ ಕೈ ಹಿಡಿದು, ಹುಟ್ಟಿದಂದಿನಿಂದ ಮೊದಲ ಸಲ ಪಿಸುಮಾತಿನಲ್ಲಿ "ಅಪ್ಪ" ಅಂದೆ.

"ಹ್ಞೂಂ," ಅಂದ ಅವನು.