ಬತೂಲ್ ತರಬೇಕಿದ್ದ ರೊಟ್ಟಿ

ಸಲಾ ಊರಿನ ಹಳೇ ಪೇಟೆಯ ತನ್ನ ಮನೆಯಲ್ಲಿ ರಕ್ಕೂಶ್ ಕಾಲು ಸುಟ್ಟ ಬೆಕ್ಕಿನಂತೆ ಒಳಗೂ ಹೊರಗೂ ಓಡಾಡುತ್ತಿದ್ದಳು. ಮಗಳು ಬತೂಲ್ ರೊಟ್ಟಿ ತರಲು, ಓಣಿಯವರೆಲ್ಲ ಬೇಯಿಸಿಕೊಳ್ಳುವ ಒಲೆಮನೆಗೆ ಒಬ್ಬಳೇ ಹೋಗಿದ್ದಳು. ಬೆಳಿಗ್ಗೆ ತಟ್ಟಿದ ಹಿಟ್ಟಿನ ಹಲಗೆ ಕೊಟ್ಟು ಬರುವುದು, ಮಧ್ಯಾಹ್ನ ಬೆಂದ ರೊಟ್ಟಿ ತರುವುದು. ಅಲ್ಲಿ ಚಿಕ್ಕ ಮಕ್ಕಳೂ ಮಾಡುವ ಕೆಲಸ. ಬತೂಲಳಿಗೆ ಇಪ್ಪತ್ತಾರಾದರೂ ಹುಟ್ಟಿನಿಂದ ಮಾತು, ಕಲಿಕೆ ಎಲ್ಲ ನಿಧಾನ. ಮೊನ್ನೆ ಮೊನ್ನೆಯವರೆಗೂ ತಾಯಿಯ ಕೈ ಹಿಡಿಯದೆ ಹೊಸ್ತಿಲು ದಾಟಿದವಳಲ್ಲ.

ಇಂಥವರಿಗೆಂದೇ ಇರುವ ಸಹಾಯ ಕೇಂದ್ರದ ಲುಬ್ನಾ ವಾರಗಟ್ಟಲೆ ಜೊತೆಯಲ್ಲಿ ನಡೆದು ದಾರಿ ಕಲಿಸಿದ್ದಳು. "ಇವತ್ತು ನಾನೂ ಹಿಂದೆ ಹೋಗಲ್ಲ, ನೀವೂ ಹೋಗ್ಬೇಡಿ. ಎಷ್ಟೊತ್ತಾದ್ರೂ ಅವಳೇ ತರ್ಲಿ. ತಂದ್ರೆ ನಮ್ಮ ಕೇಂದ್ರದ ಅಡುಗೆಮನೇಲಿ ಕೆಲಸಕ್ಕೆ ಸೇರಿಸ್ಕೋತೀವಿ," ಎಂದಿದ್ದಳು.

ರಕ್ಕೂಶ್ ಹೋಗಲಿಲ್ಲ. ಆದರೆ ಹೆತ್ತ ಕರುಳು ಕೇಳಬೇಕಲ್ಲ. ಮುಂಜಾನೆಯೇ ಒಲೆ ನೋಡಿಕೊಳ್ಳುವ ಅಲ್ಲಾಲ್ ಕಾಕಾನ ಕಿವಿಯಲ್ಲಿ, "ಹುಡುಗಿಗೆ ಕಷ್ಟ ಆಗದ ಹಾಗೆ ನೋಡ್ಕೋ ಕಾಕಾ," ಎಂದು ಉಸುರಿ ಬಂದಿದ್ದಳು.

ಬಾಗಿಲು ಬಡಿದ ಸದ್ದಿಗೆ ಓಡಿದಳು. ನಿಂತಿದ್ದವಳು ಪಕ್ಕದ ಮನೆಯ ಯಾಮ್ನಾ. ಅವಳ ಕೈಯಲ್ಲಿ ರಕ್ಕೂಶಳ ಹಲಗೆ, ಹಬೆಯಾಡುವ ರೊಟ್ಟಿ.

"ಪಾಪ, ಆ ಹುಡುಗಿ ಯಾಕೆ ಹೊರಬೇಕು ಅಂತ ಕಾಕಾ ನನ್ ಕೈಲಿ ಕಳಿಸ್ದ ಕಣೇ."

"ಅವಳೆಲ್ಲಿ?"

"ಒಲೆ ಮುಂದೇನೇ ನಿಂತಿದಾಳೆ. ಕರೆದ್ರೆ ಬರ್ಲಿಲ್ಲ, ಮಹಾ ಹಟಮಾರಿ."

ಕಾಕಾನನ್ನು ಬಯ್ಯೋಣವೆಂದರೆ ರಕ್ಕೂಶಳ ನಾಲಿಗೆ ಏಳಲಿಲ್ಲ. ಮಾಡಿದ್ದುಣ್ಣೋ ಮಹರಾಯ. ಇಂಥ ಕರುಣೆಗಿಷ್ಟು ಬೆಂಕಿ ಬೀಳಲಿ, ಅದಕ್ಕೆ ಕಿಡಿ ಹಚ್ಚಿದವಳು ತಾನೇ ಅಲ್ಲವೇ. ಹಲಗೆ ಕಸಿದುಕೊಂಡು ಓಡಿದಳು.

ಬತೂಲ್ ಒಲೆಯ ಬಾಯಿಗೆ ಮುಖ ಮಾಡಿ ನಿಂತಿದ್ದಳು. ಕೆನ್ನೆ ಕೆಂಪಾಗಿತ್ತು.

"ಬೇರೆ ರೊಟ್ಟಿ ಕೊಡ್ತೀನಿ ಅಂದ್ರೂ ಬೇಡ್ವಂತೆ," ಎಂದು ಕಾಕಾ ಬೆವರು ಒರೆಸಿಕೊಂಡ. "ತನ್ನದೇ ಬೇಕಂತೆ."

"ನಡಿ ಮಗಳೇ, ಮನೆಗೆ ಹೋಗೋಣ." ರಕ್ಕೂಶ್ ಕೈ ಚಾಚಿದಳು.

ಬತೂಲ್ ಆ ಕೈ ಹಿಡಿಯಲಿಲ್ಲ. ಹಲಗೆ ತೆಗೆದುಕೊಂಡು ಕಾಕಾನ ಮುಂದಿಟ್ಟಳು. "ನೀನು ನನಗೆ ಕೊಡು," ಎಂದಳು. ಆಮೇಲೆ ತಾಯಿಯತ್ತ ತಿರುಗಿದಳು. "ಅಮ್ಮ, ನೀನು ಮನೇಲಿರು. ನಾನು ಬಾಗಿಲು ಬಡೀತೀನಿ. ಆಗ ತೆಗಿ."

ರಕ್ಕೂಶ್ ಬರಿಗೈಯಲ್ಲಿ ಹಿಂದಿರುಗಿದಳು. ತಿರುಗಿ ನೋಡದೆ ನಡೆಯುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ಅದರ ಹಿಂದೆಯೇ ನಿಂತಳು. ಎಷ್ಟೋ ಹೊತ್ತಿನ ಮೇಲೆ ಓಣಿಯಲ್ಲಿ ಮಗಳ ಹೆಜ್ಜೆಯ ಸದ್ದು ಕೇಳಿತು. ಬಾಗಿಲಿನಾಚೆ ಬಂದು ನಿಂತಿತು. ರಕ್ಕೂಶ್ ಅಗುಳಿಯ ಮೇಲೆ ಕೈಯಿಟ್ಟಳು. ಬಡಿಯುವವರೆಗೆ ಅವಳು ತೆಗೆಯಲಿಲ್ಲ.